ಕುಗ್ಗುವ ಲೆಕ್ಕ

ಬೆಳಗಾವಿ ಉದ್ಯಮಬಾಗದಾಗ ಐದೂವರಿ ಸೈರನ್ ಕೂಗಿದ ಮ್ಯಾಲೆ
ಗೇಟಿನ ಹೊರಗ ನಿಂತಿರತಾರ ಹುಡುಗರು,
ಪಾಲಿಟೆಕ್ನಿಕ್ಕಿನ ಕಾರ್ಡು ಕೊರಳಾಗ,
ಬೈಕಿನ ಟ್ಯಾಂಕಿನ ಮ್ಯಾಲೆ ಅಸೈನ್‌ಮೆಂಟಿನ ಹಾಳಿ.
‘ಕಾಕಾ, ಐದ ನಿಮಿಷ. ನಾಳೆ ಲಾಸ್ಟ್ ಡೇಟ್ ಐತ್ರಿ.’

ನಾ ಬಡಿಗ್ಯಾ. ಪ್ಯಾಟರ್ನ್ ಮಾಡಾಂವ.
ಬೀಡಿನ ಪಂಪು ಬೀಡಾಗೂಕಿಂತ ಮೊದಲ
ನನ್ನ ಕಡೆ ಸಾಗವಾನಿ ಆಗಿರತೈತಿ.
ಹುಬ್ಬಿನಾಗ ಗರಗಸದ ಪುಡಿ, ಕಿಸೆದಾಗ ಪೆನ್ಸಿಲ್ ತುಂಡು,
ಏಳನೆತ್ತೆ ಪಾಸು, ಎಂಟನೇದಕ್ಕ ಗಣಿತ ಬಿಡಲಿಲ್ಲ.
ಇವರ ಹಾಳಿಯ ಕಡೀ ಸಾಲಿನಾಗ ಮಾತ್ರ ನಾ ‘ಇಂಡಸ್ಟ್ರಿ ಎಕ್ಸ್‌ಪರ್ಟ್’.
ಮುಂದ ಒಂದು ಖಾಲಿ ಗೆರಿ. ಸಹಿ ಮಾಡಬೇಕು.

ಓಂಕಾರ ಹುದ್ದಾರನ ಪ್ರಶ್ನೆ ಒಂದ ಸಾಲಿಂದು:
ಬೀಡು ತಣ್ಣಗಾಗುವಾಗ ಮೀಟರಿಗೆ ಎಷ್ಟು ಮಿಲಿಮೀಟರು ಕುಗ್ಗುತ್ತದೆ?
‘ಯಾವ ಸಾಮಾನಿಗೆ?’ ಅಂದೆ.
‘ಹಂಗೇನ ಕೊಟ್ಟಿಲ್ರಿ.’
‘ನಡುವ ಕೋರ್ ಐತೋ ಇಲ್ಲೋ?’
‘ಕಾಕಾ, ಬರೇ ನಂಬರ್ ಹೇಳ್ರಿ.’
ಅವನ ಹಿಂದ ನಾಕು ಮಂದಿ, ಟೋಪಿ ತಗದ ನಾಕು ಪೆನ್ನು.

ಆ ವಾರ ನನ್ನ ಮೇಜಿನ ಮ್ಯಾಲೆ ಇದ್ದದ್ದು ದೊಡ್ಡ ಹೊಟ್ಟಿ ಪಂಪು.
ಒಳಗ ಮರಳಿನ ಕೋರು ಗಟ್ಟಿ ಕುಂತು
ಕುಗ್ಗಲಿಕ್ಕೆ ಬಿಡೂದಿಲ್ಲ ಬೀಡನ್ನ.
‘ಏಳು,’ ಅಂದೆ.
ಐದೂ ಪೆನ್ನು ಏಳು ಬರದವು, ಐದೂ ಬೈಕು ಹೋದವು.
ರೇಲ್ವೆ ಗೇಟು ಬೀಳೂದ್ರಾಗ ದಾಟಬೇಕಿತ್ತು ಅವರಿಗೆ.

ಸೋಮವಾರ ಬಂದ, ಒಬ್ಬನ.
ಹಾಳಿ ಪೂರಾ ಕೆಂಪು.
‘ಹತ್ತಂತ್ರಿ ಉತ್ತರ. ಐದೂ ಮಂದೀದು ಕಾಟು ಹೊಡದಾರ.
ಸರ್ ಕೇಳಿದ್ರು, ಈ ಎಕ್ಸ್‌ಪರ್ಟ್ ಯಾರೋ ಅಂತ.’

ಸಿಟ್ಟು ಬರಲಿಲ್ಲ ನನಗ, ನಾಚಿಕಿ ಬಂತು.
ಯಾಕಂದ್ರ ಹತ್ತೂ ಖರೇ:
ನೆಟ್ಟಗಿನ ಸಳಿಗೆ, ಅಡ್ಡ ಯಾರೂ ಬರದ ಬೀಡಿಗೆ, ಹತ್ತು.
ಏಳೂ ಖರೇ.
ನಡುವಿನ ಮೂರು ಮಿಲಿಮೀಟರಿನಾಗ
ನನ್ನ ಮೂವತ್ತು ವರ್ಷ ಹೋಗ್ಯಾವ.
ಗೇಟಿನಾಗ ನಿಂತು ಅದನ್ನ ಹೇಳಲಿಕ್ಕೆ ಬರಲಿಲ್ಲ.

ಒಳಗ ಕರಕೊಂಡ ಹೋದೆ.
ಮೊಳಿಗೆ ತೂಗುಹಾಕಿದ ಉಸ್ತಾದ ಮೌನೇಶಪ್ಪನ ಹಿತ್ತಾಳಿ ಪಟ್ಟಿ ಇಳಿಸಿ
ಅವನ ಪ್ಲಾಸ್ಟಿಕ್ ಸ್ಕೇಲಿನ ಮಗ್ಗಲಕ ಇಟ್ಟೆ. ಸೊನ್ನೆಗೆ ಸೊನ್ನೆ.
ಐದಕ್ಕ ಕೂಡಿದಂಗ ಕಾಣತಾವ, ಹತ್ತಕ್ಕ ಸಂಶೇ,
ಮೂವತ್ತಕ್ಕ ಹೋಗೂದ್ರಾಗ ಮಾತು ಬಿಟ್ಟಿರತಾವ.
‘ಇದು ತಪ್ಪು ಸ್ಕೇಲು, ಕಾಕಾ.’
‘ಹೌದು. ಬೇಕಂತ ತಪ್ಪು ಮಾಡ್ಯಾರ.
ಮುಂದ ಕುಗ್ಗೂದನ್ನ ಈಗ ಉದ್ದ ಮಾಡಿ ಇಟ್ಟಾರ.’
ತಿರುಗಿಸಿ ನೋಡಿದ. ಫೋಟೋ ಹೊಡದ.
ತಿಳೀತೇನು ಅಂತ ಕೇಳಲಿಲ್ಲ ನಾ.

ಉಸ್ತಾದ ನನ್ನನ್ನೂ ಕೇಳತಿರಲಿಲ್ಲ.
ತಪ್ಪಿದ್ರ ಉಳಿಯ ಹಿಡಿಕಿಲೆ ಗೆಣ್ಣಿಗೆ ಹೊಡೀತಿದ್ದ, ಅಷ್ಟ.
ಅದ ಖರೇ ವಿದ್ಯಾ ಅಂತ ಎಲ್ಲಾರೂ ಹೊಗಳತಾರ ಈಗ.
ಒಂದು ಮಳಿಗಾಲ ಪೂರಾ ತಪ್ಪು ಕೋರ್ ಪ್ರಿಂಟು ಕೊರದೀನಿ,
ಒಂದ ಮಾತಿನಾಗ ಹೋಗತಿತ್ತು ಅದು. ಹೇಳಲಿಲ್ಲ ಅಂವ.
ಇನ್ನೂ ಮರತಿಲ್ಲ.

‘ಹಂಗಾರ ಏನ ಬರೀಲಿ?’
‘ಹತ್ತು ಬರಿ, ಮಾರ್ಕ್ಸ್ ತಗೋ.
ಬಾಜೂಕ ಸಣ್ಣದಾಗಿ ಬರಿ: ಕೋರ್ ಇದ್ರ ಕೇಳಬೇಕು.’
ಬರದ. ಪೆನ್ಸಿಲ್ ನಂದಿತ್ತು,
ತನ್ನ ಕಿಸೆದಾಗ ಇಟಗೊಂಡ ಹೋದ.

ಗುರುವಾರ ಐದೂವರಿಗೆ ಬ್ಯಾರೆ ಐದು ಮಂದಿ.
‘ಕಾಕಾ, ನೀವು ಉತ್ತರ ಹೇಳೂದಿಲ್ಲಂತ, ಸ್ಕೇಲ್ ತೋರಸ್ತೀರಂತ.
ಲಗೂನ ತೋರಸ್ರಿ,
ಗೇಟು ಬೀಳತೈತಿ.’