ಹೆಚ್ಚಾದ ಏಳು ಗೋಲಿ

ಜಾಡಿ ಇರುವುದು ಕಿಟಕಿಕಟ್ಟೆಯ ಮೇಲೆ.
ಒಂದು ಕಾಲಕ್ಕೆ ಅದರಲ್ಲಿ ವಿನೆಗರಿನ ಈರುಳ್ಳಿ ಇತ್ತು,
ಮುಚ್ಚಳಕ್ಕೆ ಆ ಹುಳಿ ವಾಸನೆ ಈಗಲೂ.
ಸುಮ್ಮನೆ ಕೂತರೆ ಒಂದು ಗೋಲಿ.
ಕೈಯೆತ್ತಿ ಮಾತಾಡಿದರೆ ಒಂದು.
ಸಾಲು ಮುರಿಯದೆ ಊಟಕ್ಕೆ ಹೋದರೆ ಎರಡು.
ಯಾರೊಬ್ಬರು ಗಲಾಟೆ ಮಾಡಿದರೂ ಒಂದು ವಾಪಸ್ಸು.
ಕತ್ತಿನ ಕೆಂಪು ಗೆರೆ ಮುಟ್ಟಿದ ದಿನ
ಇಡೀ ತರಗತಿಗೆ ಕ್ಲೀಥಾರ್ಪ್ಸ್ ಕಡಲತೀರ, ತಲೆಗೊಂದು ಐಸ್‌ಕ್ರೀಮು.

ಗ್ರಿಮ್ಸ್‌ಬಿ. ನಾಲ್ಕನೆಯ ಇಯತ್ತೆ. ಇಪ್ಪತ್ತೆಂಟು ಮಕ್ಕಳು.
ನಾನು ಸಹಾಯಕಿ, ನೀಲಗಂಗಾ;
ಅವರ ನಾಲಗೆಯಲ್ಲಿ ಮಿಸ್ ನೀಲ್.
ಕೋಬಿಯ ಪಕ್ಕ ಕೂರುವುದು ನನ್ನ ಕೆಲಸ,
ಕೂತು ಬರೆಯುವುದು. ಹಾಳೆಯಲ್ಲಿ ಮೂರು ಕಾಲಮ್ಮು:
ಮೊದಲು ಏನಾಯಿತು. ಅವನೇನು ಮಾಡಿದ. ಆಮೇಲೇನಾಯಿತು.

ತರಬೇತಿಗೆ ಬಂದ ಪಿಕರಿಂಗ್ ಸಾಹೇಬರು,
ತೆಳ್ಳನೆ ದನಿ, ಟೈ ಮೇಲೆ ಚಹಾದ ಕಲೆ, ಹೇಳಿದರು:
ನಿಮ್ಮ ಗಮನವೇ ಮೇವು. ಮೇವು ನಿಲ್ಲಿಸಿ, ಚಟ ಸಾಯುತ್ತದೆ.
ಸಾಯುವ ಮುಂಚೆ ಒಮ್ಮೆ ಜೋರಾಗಿ ಒದೆಯುತ್ತದೆ,
ಆಗ ಮಾತ್ರ ಮಣಿಯಬೇಡಿ.
ಬರೆದುಕೊಂಡೆ.
ಆರುವ ದೀಪದ ಬಗ್ಗೆ ನಮ್ಮವ್ವ ಇದನ್ನೇ ಅನ್ನುತ್ತಿದ್ದಳು.

ಕೋಬಿ ಕುರ್ಚಿಯನ್ನು ಹಿಂದಕ್ಕೆ ವಾಲಿಸಿದ. ನೋಡಲಿಲ್ಲ.
ಪೆನ್ಸಿಲಿನಿಂದ ರೇಡಿಯೇಟರ್ ಬಾರಿಸಿದ. ನೋಡಲಿಲ್ಲ.
ನಾಯಿಯಂತೆ ಬೊಗಳಿದ, ಕಡಲಹಕ್ಕಿಯಂತೆ ಕಿರುಚಿದ,
ಮೇಜಿನಡಿ ನುಸುಳಿ ನನ್ನ ಬೂಟಿನ ದಾರ ಬಿಚ್ಚಿದ.
ಗೋಡೆಯ ಮೇಲಿನ ಏಳರ ಮಗ್ಗಿಯನ್ನು
ಅಷ್ಟು ಶ್ರದ್ಧೆಯಿಂದ ನಾನೆಂದೂ ಓದಿರಲಿಲ್ಲ.
ಹನ್ನೊಂದನೆಯ ದಿನ ಸುಮ್ಮನಾದ.
ಹಾಳೆಯಲ್ಲಿ ಬರೆದೆ: ಇಲ್ಲ. ಇಲ್ಲ. ಇಲ್ಲ.
ಮಿಸ್ ಆಡ್ಲಿಂಗ್ಟನ್ ದೂರದಿಂದಲೇ ಹೆಬ್ಬೆರಳೆತ್ತಿದಳು.
ಎಷ್ಟು ಹಿತವಾಯಿತೆಂದರೆ
ನಾಳೆಯೂ ಹಾಗೇ ಮಾಡೋಣ ಅನಿಸಿತು ನನಗೆ.

ಸುಳ್ಳೇಕೆ, ನಾನೂ ಪಳಗಿಸಿದ ಪ್ರಾಣಿಯೇ.
ಗದಗಿನ ಕಡೆಯ ಶಾಲೆ. ಛಡಿ ಛಂ ಛಂ, ವಿದ್ಯಾ ಘಂ ಘಂ.
ಸುಂಕದ ಮಾಸ್ತರರ ಚಪ್ಪಲಿ ಸದ್ದಾದರೆ ಸಾಕು,
ಛಡಿ ಏಳುವ ಮೊದಲೇ ಅಂಗೈ ಬೆವರುತ್ತಿತ್ತು.
ಈಗ ನಲವತ್ತಾರು. ಯಾರಾದರೂ ಹಿಂದಿನಿಂದ ನಡೆದು ಬಂದರೆ
ಬೆರಳು ಇವತ್ತಿಗೂ ಮಡಚಿಕೊಳ್ಳುತ್ತವೆ.
ಅದಕ್ಕೇ ಈ ಗೋಲಿಗಳನ್ನು ಹಗುರವಾಗಿ ಆಡಲಾರೆ.
ಗಾಜಿಗೆ ಗಾಜು ತಾಗಿ ಟಣ್ ಎಂದಾಗ
ಇಪ್ಪತ್ತೆಂಟು ಬೆನ್ನು ನೆಟ್ಟಗಾಗುತ್ತವೆ,
ಒಂದಂಗೈಯೂ ಉರಿಯುವುದಿಲ್ಲ.

ಮಾರ್ಚಿನಲ್ಲಿ ಲೆಕ್ಕ ತಪ್ಪಿತು.
ಶುಕ್ರವಾರ ಎಣಿಸಿದ್ದು ನೂರಾ ಹನ್ನೆರಡು,
ಸೋಮವಾರ ಬಿಡುವಿನ ಹೊತ್ತಿಗೆ ನೂರಾ ಹತ್ತೊಂಬತ್ತು.
ಕದ್ದರೆ ಕಡಿಮೆಯಾಗಬೇಕು. ಇದೆಂಥ ಕಳವು?
ಸುರಿದು ನೋಡಿದೆವು: ಅಂಗಡಿಯ ಹಸಿರು ಗೋಲಿಗಳ ನಡುವೆ
ಏಳು ಹಳೆಯವು. ಮೈಯೆಲ್ಲ ಗೀರು,
ಒಂದರೊಳಗೆ ಹಾಲಿನಂಥ ಸುರುಳಿ, ಒಂದು ಅರ್ಧ ಒಡಕು.

ಅಂಗಳಕ್ಕೆ ಹೋಗದೆ ಕೋಟಿನ ಗೂಟಗಳ ಕೆಳಗೆ ಕೂತಿದ್ದ.
"ಅಜ್ಜನವು," ಅಂದ. "ಅವನಿಗೀಗ ಬೇಡ."
ಅಜ್ಜ ಮೀನುಕಟ್ಟೆಯಲ್ಲಿ ಪೆಟ್ಟಿಗೆ ಎತ್ತುತ್ತಿದ್ದವನು.
ಮತ್ತೆ ಜಾಡಿಗೇಕೆ ಹಾಕಿದೆ?
ಹೆಗಲು ಕುಣಿಸಿದ.
"ನನ್ನಿಂದಲೇ ಅಲ್ವಾ ಕಮ್ಮಿಯಾಗಿದ್ದು."

ಹಾಳೆ ತೆಗೆದೆ.
ಮೊದಲು ಏನಾಯಿತು: ಒಂದು ಸಾವು ಇರಬಹುದು.
ಹನ್ನೊಂದು ದಿನ ಯಾರೂ ನೋಡದ್ದೂ ಇರಬಹುದು.
ಅವನೇನು ಮಾಡಿದ: ಕೊಟ್ಟ.
ಆಮೇಲೇನಾಯಿತು
ಎಂಬಲ್ಲಿ ಪೆನ್ನು ನಿಂತಿತು.
ನಿಯಮ ನೋಡಿದರೆ ಇದು ಮೋಸ, ಏಳನ್ನೂ ತೆಗೆಯಬೇಕು.
ಹೊಗಳಿದರೆ ನಾಳೆ ಅಜ್ಜನ ಡಬ್ಬಿಯೇ ಬರಿದಾದೀತು.

ಮಿಸ್ ಆಡ್ಲಿಂಗ್ಟನ್ ಬಹಳ ಹೊತ್ತು ಜಾಡಿ ನೋಡಿದಳು.
ಆಮೇಲೆ ಒದ್ದೆ ಬಟ್ಟೆಯಿಂದ ಕೆಂಪು ಗೆರೆ ಒರೆಸಿ
ಏಳು ಗೋಲಿಯಷ್ಟು ಮೇಲೆ ಮತ್ತೊಂದು ಎಳೆದಳು.
ಮಕ್ಕಳಲ್ಲಿ ಯಾರೂ ಕೇಳಲಿಲ್ಲ.

ಮಧ್ಯಾಹ್ನ ಭಿನ್ನರಾಶಿಯ ನಡುವೆ
ಮೇಜಿನಡಿ ಏನೋ ಜಗ್ಗಿದಂತಾಯಿತು.
ನನ್ನ ಎರಡೂ ಬೂಟಿನ ದಾರ ಕೂಡಿಸಿ
ಒಂದೇ ಗಂಟು ಹಾಕುತ್ತಿದ್ದ, ನಾಲಗೆ ಕಚ್ಚಿಕೊಂಡು.

ಬಗ್ಗಿ
ನೋಡಿದೆ.