ಗುಡಿಸಿಗೂ ಕೊಂಬಿಗೂ ನಡುವೆ

ಲೋರಿಯಾಂ ಬಂದರು. ಗುರುವಾರ, ಸಂಜೆ ಆರು.
ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ
ಹೀಟರ್ ಕೆಮ್ಮುತ್ತದೆ. ರಟ್ಟು ಕಳಚಿದ ಕಾದಂಬರಿ,
ಬರೆದವರ ಹೆಸರೂ ರಟ್ಟಿನ ಜೊತೆಗೇ ಹೋಗಿದೆ,
ಐದು ಜನಕ್ಕೆ ಒಂದೇ.

'ಶಾಕ್' ಎಂದರೆ ಪ್ರತಿ, ಎನ್ನುತ್ತಾಳೆ ಮದಾಮ್ ಗೆರ್ನಲೆಕ್,
ಅದಕ್ಕೆ ಬಹುವಚನ ಇಲ್ಲ.
ಪ್ರತಿ ಅಲೆ, ಪ್ರತಿ ದೋಣಿ, ಪ್ರತಿ ಹೆಂಗಸು
ಒಬ್ಬೊಬ್ಬಳಾಗಿಯೇ ಕಾಯಬೇಕು.
'ಪ್ಲುಜಿಯರ್' ಎಂದರೆ ಹಲವು; ಅದಕ್ಕೆ ಏಕವಚನ ಇಲ್ಲ.
ಮೂಲೆಯಿಂದ ಬೋಲೋರ್ಮಾ: ಪುಣ್ಯವಂತ ಪದ,
ಒಂಟಿಯಾಗಿ ಊಟಕ್ಕೆ ಕೂರುವುದೇ ಇಲ್ಲ.

'ಸೆರ್ತೆಂ' ಮಾತ್ರ ಕಳ್ಳ.
ನಾಮಪದದ ನಂತರ ಬಂದರೆ ಖಚಿತ,
ಮೊದಲೇ ಬಂದರೆ ಯಾವುದೋ ಒಂದು.
ಖಚಿತವಾದ ಸಾವು;
ಯಾರೋ ಬಂದು ಹೇಳಿದ ಯಾವುದೋ ಸಾವು.
ನಮ್ಮ ಫೋರ್‌ಮನ್ನನೂ ಹಾಗೆಯೇ, ನಗುತ್ತಾನೆ ಇಸ್ರಾಪಿಲ್,
ಸಾಲಿನಲ್ಲಿ ಎಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ಮಾತು.

ನಿಲ್ದಾ ನಗುವುದಿಲ್ಲ.
ಕೇಪ್ ವರ್ಡ್ ದ್ವೀಪದವಳು, ಬೆಳಗಿನ ಮೂರಕ್ಕೆದ್ದು
ಹರಾಜುಕಟ್ಟೆಯಲ್ಲಿ ಮೀನು ಸೀಳುವವಳು,
ಬೆರಳ ಸಂದಿಯಲ್ಲಿ ಹುರುಪೆ ಇನ್ನೂ ಹೊಳೆಯುತ್ತಿದೆ.
ಹೋದ ವಾರ ಶೀತಲ ಕೋಣೆಯಲ್ಲಿ
ಮೇಲಿಡು ಎಂದದ್ದನ್ನು ಕೆಳಗಿಟ್ಟಳು;
ನಾಲ್ಕು ಪೆಟ್ಟಿಗೆ ಬಂಗಡೆ ಜಜ್ಜಿಹೋಯಿತು.
ಎರಡೂ ಪದಕ್ಕೆ ಮೈ ಒಂದೇ, ಸ್ವರ ಬೇರೆ.
'ದಸೂ' ಎಂದರೆ ಕೆಳಗೆ.
ಮೇಲೆ ಎನ್ನಬೇಕಾದರೆ
ಊ ಎನ್ನಲು ಹೊರಟ ತುಟಿಯೊಳಗೆ
ಈ ಎನ್ನುವ ನಾಲಿಗೆಯನ್ನು ಬಚ್ಚಿಡಬೇಕು.
ನಮ್ಮ ಅಕ್ಷರಕ್ಕೆ ಗೊತ್ತಿಲ್ಲದ ಜಾಗ ಅದು,
ಗುಡಿಸಿಗೂ ಕೊಂಬಿಗೂ ನಡುವೆ,
ತಿದ್ದಹೋದರೆ ಬಳಪ ತಡವರಿಸುತ್ತದೆ.

ಸೀಟಿ ಊದುವ ಹಾಗೆ, ಎನ್ನುತ್ತಾಳೆ ಟೀಚರು.
ಬಿಸಿ ಸೂಪು ಆರಿಸುವ ಹಾಗೆ.
ಐದು ಬಾಯಿ ಮುಂದೆ ಚಾಚಿ
ಕಿಟಕಿಯ ಗಾಜು ಮಂಜಾಗುತ್ತದೆ.

ಈಗ ಓದು ನಿಲ್ದಾ, ಪುಟ ನೂರಾ ಹದಿನಾಲ್ಕು.
ಕತೆಯಲ್ಲಿ ದೀಪಸ್ತಂಭ ಕಾಯುವವನ ತಮ್ಮ
ಯಾವುದೇ ಗುರುತಿಲ್ಲದೆ, ಯಾವುದೇ ಕೂಗಿಲ್ಲದೆ
(ಇದು 'ಒಕೆಂ', ಎರಡು ಸಲ ಬಂದಿದೆ, ಅಡಿಗೆರೆ ಹಾಕಿಕೊಳ್ಳಿ)
ನೀರಿನ ಕೆಳಗೆ ಮಲಗಿದ್ದಾನೆ.

ನಿಲ್ದಾ ಬೆರಳಿಟ್ಟು ಓದಿದಳು.
ಕೆಳಗೆ ಎಂಬಲ್ಲಿ ತುಟಿ ದುಂಡಾಯಿತು, ನಾಲಿಗೆ ಎದ್ದಿತು,
ಮೂರು ತಿಂಗಳಿಂದ ಬಾರದ ಸ್ವರ
ಬಾರದಿರಬೇಕಾದಲ್ಲೇ ಬಂತು, ಒಂದಿಷ್ಟೂ ಮುಕ್ಕಾಗದೆ.
ಅವನು ನೀರಿನ ಮೇಲೆ ಮಲಗಿದ್ದ.

ಟೀಚರು ಪೆನ್ಸಿಲ್ ಎತ್ತಿದಳು.
ಕೋಣೆಗೆಲ್ಲ ಗೊತ್ತು, ನಿಲ್ದಾಳ ಗಂಡ ಜಸಿಂತು
ಹತ್ತಿದ ಟ್ರಾಲರಿನ ಹೆಸರು,
ಹುಡುಕಾಟ ನಿಲ್ಲಿಸಿದ ತಾರೀಕು.
'ಮತ್ತೊಮ್ಮೆ ಓದಲೇ, ಅದೇ ಸಾಲು?'
ಪೆನ್ಸಿಲ್ ಕೆಳಗಿಳಿಯಿತು.
'ಸ್ವರ ಚೆನ್ನಾಗಿತ್ತು. ಮುಂದಿನ ಪುಟ.'

ಎಂಟೂವರೆಯ ಬಸ್ಸಿನಲ್ಲಿ
ನಿಲ್ದಾ ತುಟಿ ಚಾಚಿಯೇ ಕೂತಿದ್ದಳು, ಸದ್ದಿಲ್ಲದೆ,
ಮತ್ತೆ, ಮತ್ತೆ.
ಎದುರು ಸೀಟಿನ ಮಗು ಅದನ್ನು ಮುತ್ತೆಂದು ತಿಳಿದು
ನಾಚಿ ಅಮ್ಮನ ಕೋಟಿನೊಳಗೆ ಮುಖ ಹುದುಗಿಸಿತು.