ಮೂರು ರೂಪಾಯಿ ಬಾಕಿ

ದೇವಕೋಟೆಯಿಂದ ಎರಡು ಬಸ್ಸು ಬದಲಿಸಿ
ಜಮಖಾನದಲ್ಲಿ ಸುತ್ತಿದ ಕೃಷ್ಣನನ್ನು ಹೊತ್ತು ಬಂದಳು
ಉಮಯಾಳ್ ಆಚ್ಚಿ.
ಕಂಡಕ್ಟರ್ ಲಗೇಜು ಕಾಸು ಕೇಳಿದನಂತೆ.
ದೇವರಿಗೂ ಟಿಕೇಟೇ ಎಂದು ಬೈದಳಂತೆ, ಕೊಟ್ಟಳಂತೆ.
ಚೀಟಿ ಇನ್ನೂ ಸೊಂಟದ ಸುರುಕುಚೀಲದಲ್ಲಿದೆ.

ತಂಜಾವೂರಿನ ನಮ್ಮ ಓಣಿಯಲ್ಲಿ ಹನ್ನೊಂದು ಗಂಟೆ.
ನಾನು ಹುಣಸೆಬೀಜದ ಅಂಟು ಕಾಯಿಸುತ್ತಿದ್ದೆ.
ರಂಗಪ್ಪ ರಾಜುವಿನ ಮುಂದೆ ಹಲಸಿನ ಹಲಗೆ:
ಅದರ ಕೃಷ್ಣನಿಗೆ ಹೊಟ್ಟೆ ಬಂದಿತ್ತು, ಕೆಂಪು ಹರಳು ಬಂದಿತ್ತು,
ಬಂಗಾರದ ರೇಕು ಬಂದಿತ್ತು,
ಕಣ್ಣು ಬಂದಿರಲಿಲ್ಲ.

ಇವಳದು ಗಾಜಿನವನು.
ಗಾಜಿನಲ್ಲಿ ಎಲ್ಲ ತಲೆಕೆಳಗು.
ಹಲಗೆಗೆ ಕಡೆಯ ದಿನ ಇಡುವ ಪಾಪೆಯನ್ನು
ಗಾಜಿಗೆ ಮೊದಲ ದಿನವೇ ಇಡಬೇಕು.
ಪಾಪೆಯ ಹಿಂದೆ ಬಿಳಿ, ಬಿಳಿಯ ಹಿಂದೆ ಮೈ,
ಮೈಯ ಹಿಂದೆ ಪರದೆ, ಪರದೆಯ ಹಿಂದೆ ಗೋಡೆ.
ಚಿತ್ರಗಾರ ಹಿಂದೆ ಹಿಂದೆ ಸರಿಯುತ್ತ ಹೋಗುತ್ತಾನೆ,
ಕಣ್ಣು ಆಗಲೇ ಆಚೆ ಬದಿಗೆ
ಮನೆ ಹುಡುಕುತ್ತಿರುತ್ತದೆ.

ಬಿರುಕು ಬೆಣ್ಣೆಗಡಿಗೆಯಲ್ಲಿ ಹುಟ್ಟಿ
ಕೆನ್ನೆಗೆ ಒಂದು ಬೆರಳು ಈಚೆ ನಿಂತಿತ್ತು.
"ಹೊಸ ಗಾಜು ಹಾಕಿ, ಕಣ್ಣು ಮಾತ್ರ ಇದೇ ಇರಲಿ."
"ಇದೇನು ಬಲ್ಬೇ ಆಚ್ಚಿ, ಬಿಚ್ಚಿ ತಿರುಗಿಸೋಕೆ?"
ರಾಜು ಚೌಕಟ್ಟಿನ ಮೊಳೆ ಕಿತ್ತು
ದೇವರನ್ನು ಬೋರಲು ಮಲಗಿಸಿದ.

ಎಪ್ಪತ್ತು ವರ್ಷ ಕೈಮುಗಿದವಳು
ಅವನ ಬೆನ್ನು ಕಂಡದ್ದು ಅವತ್ತೇ.
ಮೂಗಿಲ್ಲ. ನಗೆಯಿಲ್ಲ. ನೀಲಿಯ ಒಂದು ತೇಪೆ.
ಒಡವೆ ಇರಬೇಕಾದಲ್ಲಿ
ಸಿಗರೇಟು ಪೊಟ್ಟಣದ ಬೇಗಡೆ, ಸುಕ್ಕುಸುಕ್ಕು.
ಹಿಂಬದಿಯ ಕಾಗದದ ಮೂಲೆಯಲ್ಲಿ
ತೆಲುಗಿನಲ್ಲಿ ಸಣ್ಣಗೆ ಏನೋ.
ಮಂತ್ರವಿರಬೇಕೆಂದು ಅವಳು ಸೆರಗು ಹೊದ್ದಳು.

ರಾಜು ಕನ್ನಡಕ ಏರಿಸಿ ಓದಿದ:
ದೇವಕೋಟೆ ಸಾತಪ್ಪ ಚೆಟ್ಟಿಯಾರು.
ಬಂದದ್ದು ಒಂಬತ್ತು ರೂಪಾಯಿ.
ಬಾಕಿ ಮೂರು.

ಸಾತಪ್ಪ ಅವಳ ತಾತ.
ರಂಗೂನಿನಲ್ಲಿ ಬಡ್ಡಿಯ ಅಂಗಡಿ,
ಕಾಲಾಣೆ ತಪ್ಪಿದರೆ ರಾತ್ರಿ ಉಣ್ಣದ ಮನುಷ್ಯ.
ಆಚ್ಚಿ ನೆಲಕ್ಕೆ ಕುಕ್ಕರಿಸಿ ಪೆನ್ಸಿಲ್ ಕೇಳಿದಳು.
ನನ್ನ ಅಂಟು ತಳ ಹಿಡಿಯಿತು.
ಅವಳ ತುಟಿ ಅಲುಗುತ್ತಿತ್ತು, ಬೆರಳ ಗೆಣ್ಣು ಮುಗಿದು
ಮತ್ತೆ ಮೊದಲಾಗುತ್ತಿತ್ತು. ಚಕ್ರಬಡ್ಡಿ.

"ನಮ್ಮವರ ಕೈಯಲ್ಲ ಇದು, ಯಾರೋ ನಾಯ್ಡು," ಎಂದ ರಾಜು.
"ನನಗೇಕೆ ಕೊಡ್ತೀರಿ?"
"ಯಾರಾದರೇನು?
ನಮ್ಮ ಹಜಾರದಲ್ಲೇ ಕೂತು ಮೂರು ತಲೆಮಾರು
ನಮ್ಮ ಕೈಯಿಂದಲೇ ಬೆಣ್ಣೆ ತಿಂದ,
ಬೆನ್ನಲ್ಲಿ ಚೀಟಿ ಇಟ್ಟುಕೊಂಡು.
ಒಂದು ಮಾತು ಆಡಲಿಲ್ಲ, ಕಳ್ಳ."

ಎಣಿಸಿ ಇಟ್ಟಳು. ರಸೀದಿ ಬೇಕೆಂದಳು.
ಹಳೆಯ ಸಾಲಿನ ಕೆಳಗೆ ರಾಜು
'ಸಂದಿತು' ಎಂದು ಬರೆದು, ತಾರೀಖು ಹಾಕಿ
ಮೊಳೆ ಹೊಡೆದ. ಬಿರುಕು ಹಾಗೇ ಉಳಿಯಿತು.
ಬಿರುಕಿಗೆ ಎಷ್ಟಾಗುತ್ತದೆಂದು ಅವಳೂ ಕೇಳಲಿಲ್ಲ.
ಜಮಖಾನ ಸುತ್ತಿ, ಮೂರೂವರೆಯ ಬಸ್ಸಿಗೆ ಹೊರಟಳು.

ಹಣ ಬಣ್ಣದ ಕರಟದ ಅಡಿಯಲ್ಲಿ ಉಳಿಯಿತು.
ಆ ನಾಯ್ಡುವಿನ ಕಡೆಯವರು ಯಾರೆಂದು
ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ.

ಶುಕ್ರವಾರ ಹಲಗೆಯ ಕೃಷ್ಣನಿಗೆ ಕಣ್ಣು ಇಡುವುದಿತ್ತು.
ರಾಜು ಕುಂಚ ಅದ್ದಿದ, ಕರಟದ ಕಡೆ ನೋಡಿದ,
ಕುಂಚ ತೊಳೆದಿಟ್ಟ.
"ಸೋಮವಾರ ನೋಡೋಣ, ತಾಯಾರು," ಎಂದ ನನಗೆ.